ನವಿಲುಗಳ ಕೆಳಗಿನ ನೀರು

ಆ ದಿನ ಬೆಳಗಿನಿಂದ ಗುರುಶಾಂತಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಇಳಕಲ್ ಸೀರೆ ಉಟ್ಟು, ಮಾಡಿಟ್ಟ ಚಹಾ ಮರೆತು, ಏಳು ಗಂಟೆಗೇ ಓಣಿಯ ಮೂಲೆಗೆ ಬಂದು ನಿಂತಿದ್ದಳು. ಜೇವರ್ಗಿಯ ಆ ವಾರ್ಡಿಗೆ ಆಕೆ ಮೆಂಬರ್ ಆಗಿ ಎರಡು ವರ್ಷ. ಹೆಸರಿಗೆ ಮಾತ್ರ ಮೆಂಬರ್ ಎನ್ನೋಣವೆಂದರೆ, ಹೆಸರೂ ಇರಲಿಲ್ಲ. ಚುನಾವಣೆಯ ಬ್ಯಾನರಿನಲ್ಲಿ ಗಂಡ ದೌಲತರಾಯನ ಫೋಟೊ ಪರಾತದಷ್ಟು, ಈಕೆಯದು ಪಾಪಡಿಯಷ್ಟು. ಸಭೆಗೆ ಹೋದರೂ "ದೌಲತರಾಯರ ಮನಿಯವ್ರು ಬಂದ್ರು" ಅನ್ನುತ್ತಿದ್ದರು. ಇವತ್ತು ಮಾತ್ರ ಕರಿ ಕಲ್ಲಿನ ಮೇಲೆ ಬಂಗಾರದ ಬಣ್ಣದಲ್ಲಿ, ಉದ್ಘಾಟನೆಗೆ ಬರಲಿದ್ದ ಸಾಹೇಬರ ಹೆಸರಿನ ಕೆಳಗೆ ಒಂದೇ ಹೆಸರು ಇತ್ತು, ಅದು ಗುರುಶಾಂತಮ್ಮನದು. ಪರದೆ ಸರಿಸಿ ಸರಿಸಿ ನಾಲ್ಕು ಸಲ ಓದಿದ್ದಳು. ಐದನೆಯ ಸಲ ಓದಿದರೆ ತನ್ನ ದೃಷ್ಟಿಯೇ ತಾಗೀತೆಂದು ಸುಮ್ಮನಾದಳು.

ಆ ಕಲ್ಲು ಕೂರಿಸಿದ್ದು ಒಂದು ಸಿಮೆಂಟ್ ಕಟ್ಟೆಗೆ. ಕಟ್ಟೆಯ ಮೇಲೆ ಫೈಬರಿನ ಎರಡು ನವಿಲು, ಸುತ್ತ ಬಣ್ಣದ ಲೈಟು. ಊರು ಚಂದಗಾಣಿಸಲೆಂದೇ ಬಂದ ದುಡ್ಡು ಅದು. ಜಾಗ ಆರಿಸಿದವಳೂ ಆಕೆಯೇ. ಮೇ ತಿಂಗಳ ಬಿಸಿಲಿಗೆ ಇಡೀ ಓಣಿ ಹಪ್ಪಳವಾಗಿದ್ದರೂ ಈ ಮೂಲೆಯಲ್ಲಿ ಮಾತ್ರ ಕರಿಕೆ ಹುಲ್ಲು ಹಸಿರಾಗಿತ್ತು. "ಭೂಮಿತಾಯಿನೇ ಇಲ್ಲಿ ಮಾಡ್ರಿ ಅಂತ ಹೇಳಾಕತ್ತಾಳ" ಎಂದು ಗುತ್ತಿಗೆದಾರ ಸುಧೀರನಿಗೆ ತೋರಿಸಿದ್ದಳು. ಓಣಿಗೆ ನಳದ ನೀರು ಎಂಟು ದಿನಕ್ಕೊಮ್ಮೆ. ಒಂದು ಪಾಳಿಗೂ ಮುಂದಿನ ಪಾಳಿಗೂ ನಡುವೆ ಕಟ್ಟೆ ಎದ್ದು, ಬಣ್ಣವನ್ನೂ ಬಳಿಸಿಕೊಂಡಿತ್ತು. ಇದೇ ಸುಧೀರ ಹಿಂದಿನ ಓಣಿಯ ಚರಂಡಿಗೆ ಮೂರು ವರ್ಷ ತೆಗೆದುಕೊಂಡಿದ್ದ ಎಂಬುದು ಬೇರೆ ಮಾತು.

ಎಂಟೂವರೆಗೆ ನೀರು ಬಿಡುವ ಗುಡುಸಾಬ ಸೈಕಲ್ ಮೇಲೆ ಬಂದ. ಹೆಗಲಿಗೆ ವಾಲ್ವ್ ತಿರುಗಿಸುವ ಎದೆಯುದ್ದದ ಕಬ್ಬಿಣದ ಚಾವಿ. ಮಗಳು ಗುಲನಾಜಳ ಹೆರಿಗೆಗೆಂದು ವಾರ ಅಫಜಲಪುರದಲ್ಲಿದ್ದು ಆಗಷ್ಟೇ ಬಸ್ ಇಳಿದಿದ್ದ. ಕಟ್ಟೆಯನ್ನು ಒಂದು ಸುತ್ತು ಹಾಕಿದ, ಇನ್ನೊಂದು ಸುತ್ತು ಹಾಕಿದ.

"ಅಕ್ಕಾ, ಇಲ್ಲಿದ್ದ ವಾಲು ಎಲ್ಲದರಿ?"

"ಯಾವ ವಾಲು ಅಣ್ಣಾ? ಇಲ್ಲಿ ಬರೇ ಕರಿಕಿ ಇತ್ತು."

ಗುಡುಸಾಬ ಚಾವಿಯ ಒಂದು ತುದಿ ನೆಲಕ್ಕೂರಿ, ಇನ್ನೊಂದಕ್ಕೆ ಕಿವಿ ಹಚ್ಚಿದ. ಕೆಳಗೆ ನೀರು ಸೋರುತ್ತಿದ್ದರೆ ಕಬ್ಬಿಣದೊಳಗೆ ಗುಂಯ್ ಎನ್ನುತ್ತದೆ. ಆ ಓಣಿಯ ಪೈಪುಗಳಿಗೆ ಅವನ ಕಿವಿಯೇ ನಕ್ಷೆ. ಎರಡು ಹೆಜ್ಜೆ ಇಟ್ಟು ಕೇಳಿದ, ಮತ್ತೆರಡು ಹೆಜ್ಜೆ ಇಟ್ಟು ಕೇಳಿದ. ಕೊನೆಗೆ ಹೆಸರಿನ ಕಲ್ಲಿನ ಮುಂದೆ ನಿಂತ.

"ಇದರ ಬುಡಕ್ಕ ಅದರಿ. ವಾಲು ಸೋರತಿತ್ತು, ಅದಕ್ಕ ಕರಿಕಿ ಹಸರಿತ್ತು."

ಪಕ್ಕದಲ್ಲಿ ನಿಂತಿದ್ದ ಸುಧೀರ ತಲೆ ಕೆರೆದುಕೊಂಡ. "ನಮ್ಮ ಮಂದಿ ಏನೋ ಕಬ್ಬಿಣ ಸಿಕ್ಕದ ಅಂದಿದ್ರು. ನಾನೇ ಕಾಂಕ್ರೀಟ್ ಹಾಕ್ರಿ ಅಂದೆ."

ಗುರುಶಾಂತಮ್ಮನಿಗೆ ಮೈಯೆಲ್ಲ ಉರಿಯಿತು, ಅದೂ ತನ್ನ ಮೇಲೆಯೇ. ಅಷ್ಟರಲ್ಲಿ ಎದುರುಮನೆಯ ಮಲ್ಕಮ್ಮ ಖಾಲಿ ಕೊಡ ಹಿಡಿದು ಬಂದಳು. "ನೀರು ಯಾವಾಗ ಬರ್ತದರಿ? ಕುಡಿಲಾಕ ಒಂದು ತಂಬಿಗಿ ಉಳದದ." ಟಾಕಿಯ ನೀರು ಈ ಓಣಿಗೆ ಹನ್ನೊಂದರವರೆಗೆ, ಆಮೇಲೆ ಬೇರೆ ಓಣಿಗೆ. ಇವತ್ತು ತಪ್ಪಿದರೆ ಇನ್ನೆಂಟು ದಿನ, ಅದೂ ಇಂಥ ಬಿಸಿಲಲ್ಲಿ.

"ಹನ್ನೊಂದಕ್ಕ ಸಾಹೇಬ್ರು ಬರ್ತಾರ್ರಿ ಅಕ್ಕಾ," ಎಂದ ಸುಧೀರ. "ಫಂಕ್ಷನ್ ಮುಗೀಲಿ, ಆಮ್ಯಾಲ ನೋಡೋಣು. ನಿಮ್ಮ ಹೆಸರಿನ ಕಲ್ಲರಿ ಅದು. ಒಡದ್ರ ಮತ್ತೊಂದು ಯಾರೂ ಕೊಡಂಗಿಲ್ಲ."

ಆಸೆ ಇತ್ತು, ಸುಳ್ಳು ಯಾಕೆ? ತಾನು ಸತ್ತ ಮೇಲೂ ಮೊಮ್ಮಕ್ಕಳು ಬೆರಳಿಟ್ಟು ಅಜ್ಜಿಯ ಹೆಸರು ಓದಲಿ ಎಂಬ ಆಸೆ ಎದೆ ತುಂಬ ಇತ್ತು. ಆಕೆ ಕಲ್ಲನ್ನು ನೋಡಿದಳು, ಮಲ್ಕಮ್ಮನ ಕೊಡವನ್ನು ನೋಡಿದಳು.

"ಗುಡುಸಾಬಣ್ಣಾ, ಒಡಿ."

"ನಾ ಒಲ್ಲೆರಿ ಅಕ್ಕಾ. ಕಚ್ಚಾ ನೌಕರಿ ನಂದು. ನಾಳೆ ಮನಿಗೆ ಕಳಸ್ತಾರ."

"ಹಂಗಾರ ನಾನೇ ಒಡೀತೇನಿ, ಅತ್ತಾಗ ಸರಿ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೆಲಸದವರು ಬಿಟ್ಟುಹೋದ ದೊಡ್ಡ ಸುತ್ತಿಗೆಯನ್ನು ಎರಡೂ ಕೈಯಲ್ಲೆತ್ತಿ, ಕಣ್ಣು ಮುಚ್ಚಿ ಒಂದೇಟು ಹಾಕಿದಳು. ಕಲ್ಲಿಗೆ ಏನೂ ಆಗಲಿಲ್ಲ, ಕೈ ಜುಮ್ಮೆಂದಿತು. ಎರಡನೆಯ ಏಟನ್ನು ಕಣ್ಣು ಬಿಟ್ಟೇ ಹಾಕಿದಳು. ಬಂಗಾರದ ಅಕ್ಷರಗಳು ನಡುವೆ ಸೀಳಿ ಕಾಲ ಬುಡಕ್ಕೆ ಬಿದ್ದವು. ಒಂದು ಗಳಿಗೆ ಕಣ್ಣಲ್ಲಿ ನೀರು ಬಂತು. ಮರುಗಳಿಗೆಗೆ ಎಲ್ಲಿಲ್ಲದ ಹುರುಪು ಬಂತು!

"ಏ, ಬರ್ರೆ ಬೇ ಎಲ್ಲಾರು!" ಎಂದು ಮಲ್ಕಮ್ಮ ಕೂಗಿದಳು. ಹಾರೆ ಬಂತು, ಗುದ್ದಲಿ ಬಂತು, ಒಬ್ಬಾಕೆ ಒನಕೆಯನ್ನೇ ತಂದಳು. ಸಾಹೇಬರ ಸ್ವಾಗತಕ್ಕೆಂದು ಬಂದ ಹಲಗೆ ಬಾರಿಸುವವರಿಗೆ ಕೈ ಸುಮ್ಮನಿರಲಿಲ್ಲ, ಅವರೂ ಶುರು ಹಚ್ಚಿದರು. ಹಲಗೆ ಏರಿದಂತೆ ಏಟೂ ಏರಿತು. ನವಿಲೊಂದು ಕೊಕ್ಕು ಕೆಳಗಾಗಿ ಬಿದ್ದದ್ದನ್ನು ಯಾರೂ ಎತ್ತಲಿಲ್ಲ. ಹತ್ತಕ್ಕೆ ವಾಲ್ವ್ ಕಂಡಿತು. ಗುಡುಸಾಬ ಚಾವಿ ಇಳಿಬಿಟ್ಟು, ಬಿಸ್ಮಿಲ್ಲಾ ಎಂದು ತಿರುಗಿಸಿದ. ಮನೆಮನೆಯ ನಳಗಳು ಕೆಮ್ಮಿದವು, ಗಾಳಿ ಉಗುಳಿದವು. "ಬಂತು! ಬಂತು!" ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಕೊಡಗಳ ಹಿಂದೆ ಓಡಿಹೋದರು. ಗುರುಶಾಂತಮ್ಮ ನಿಂತಲ್ಲೇ ಹುಡುಗಿಯಂತೆ ಕುಣಿದಳು.

ಸಾಹೇಬರು ಅಪರೂಪಕ್ಕೆ ಹೊತ್ತಿಗೆ ಮುಂಚೆ ಬಂದರು. ಗುಂಡಿ ನೋಡಿದರು, ಕೆಸರಲ್ಲಿ ಕೊಕ್ಕು ಹೂತ ನವಿಲನ್ನು ನೋಡಿದರು.

"ಯಾರು ಒಡದಾರ ಇದನ್ನ?"

ಸುಧೀರ ಗುಡುಸಾಬನ ಕಡೆ ನೋಡಿದ. ಗುಡುಸಾಬ ಸೈಕಲ್ಲಿನ ಹಿಂದೆ ಸರಿದ.

"ನಾನು ಒಡದೀನ್ರಿ," ಎಂದು ಕೆಸರಾದ ಸೀರೆಯಲ್ಲೇ ಗುರುಶಾಂತಮ್ಮ ಮುಂದೆ ಬಂದಳು.

"ಬರಕೊಳ್ರಿ! ಸರ್ಕಾರಿ ಆಸ್ತಿ ಇದು, ಕೇಸ್ ಆಗ್ಲಿ!" ಎಂದರು ಸಾಹೇಬರು.

ಜೊತೆಗೆ ಬಂದಿದ್ದ ಗುಮಾಸ್ತ ರಿಜಿಸ್ಟರ್ ಬಿಚ್ಚಿ, ಬಾಯಲ್ಲಿ ಹೇಳುತ್ತ ಬರೆಯತೊಡಗಿದ: "ದೌಲತರಾಯರ ಹೆಂಡತಿಯವರು..."

"ಏ, ನಿಲ್ರಿ. ಅವ್ರ ಹೆಸರು ಯಾಕ್ರಿ? ಅವ್ರು ಮನ್ಯಾಗ ನೀರು ತುಂಬಾಕತ್ತಾರ. ಒಡದಾಕಿ ನಾನು. ಗುರುಶಾಂತಮ್ಮ ಅಂತ ಬರೀರಿ."

ಗುಮಾಸ್ತ ಮೊದಲ ಸಾಲು ಹೊಡೆದುಹಾಕಿ ಹೊಸದಾಗಿ ಬರೆದ. ಆಕೆ ಬಗ್ಗಿ, ಅಕ್ಷರ ಅಕ್ಷರ ಓದಿ, ಸಹಿ ಹಾಕಿದಳು. ನೀರು ನಿಲ್ಲುವ ಹನ್ನೊಂದಕ್ಕೆ ಇನ್ನೂ ಕಾಲು ಗಂಟೆ ಇತ್ತು. ಸೆರಗು ಎತ್ತಿಕಟ್ಟಿ ಮನೆಗೆ ಓಡಿದಳು.