ಒಂದೇ ಹೊತ್ತಿಗೆ

“ಎರಡೂ ಒಟ್ಟಿಗೇ ಬಂದ್ರೆ?” ಎಂದು ಕೊಕ್ಕೆ ಕೇಳಿದಳು.

“ಬರಲ್ಲ.”

“ಬಂದ್ರೆ?”

“ಬರಲ್ಲ ಅಂದ್ನಲ್ಲಮ್ಮ,” ಎಂದು ಜಿಪುಣಕ್ಕ ಕಂಪ್ಯೂಟರಿನ ತೆರೆಯ ಮೇಲಿನ ಅಂಕಿಯಿಂದ ಕಣ್ಣು ಕೀಳದೆಯೇ ಹೇಳಿದಳು. ಪ್ರೋಗ್ರಾಮು ಎಷ್ಟು ಮೆಮೊರಿ ತಿನ್ನುತ್ತದೆಂದು ತೋರಿಸುವ, ವಾರಗಟ್ಟಲೆ ಕೆಂಪಗೆ ಉರಿಯುತ್ತಿದ್ದ ಅಂಕಿ ಅದು. ಇವತ್ತು ಮಧ್ಯಾಹ್ನ ಹಸಿರಾಗಿತ್ತು. ಅದನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತಿರೋಣ ಅಂದರೆ ಇವಳೊಬ್ಬಳು ಬಂದು ಕುರ್ಚಿ ಎಳೆದುಕೊಂಡಿದ್ದಳು.

ಕೊಕ್ಕೆ ಎಂದರೆ ಟೆಸ್ಟಿಂಗ್ ನೋಡಿಕೊಳ್ಳುವವಳು. ಯಾರ ಕೆಲಸಕ್ಕಾದರೂ ಒಂದು ಕೊಕ್ಕೆ ಹಾಕದೆ ಬಿಡುವವಳಲ್ಲ, ಹಾಗಾಗಿ ಆ ಹೆಸರು. ಎದುರಿಗೇ ಕರೆದರೂ ನಗುತ್ತಿದ್ದಳು. ತೆರೆಯ ಮುಂದೆ ಕೂತವಳನ್ನೂ ಆಫೀಸಿನಲ್ಲಿ ಯಾರೂ ಸ್ವಂತ ಹೆಸರಿನಿಂದ ಕರೆಯುತ್ತಿರಲಿಲ್ಲ. ಮೆಮೊರಿಯ ಒಂದೊಂದು ಬೈಟಿಗೂ ಲೆಕ್ಕ ಕೇಳುತ್ತಾಳೆಂದು ಜಿಪುಣಕ್ಕ ಅನ್ನುತ್ತಿದ್ದರು. “ಮನೇಲಿ ಟೀಗೆ ಸಕ್ಕರೇನೂ ಎಣಿಸಿ ಹಾಕ್ತೀರಾ ಜಿಪುಣಕ್ಕ?” ಎಂದು ಮ್ಯಾನೇಜರ್ ಒಮ್ಮೆ ತಮಾಷೆ ಮಾಡಿದಾಗ, “ನೀವು ಬಂದ ದಿನ ಮಾತ್ರ,” ಅಂದಿದ್ದಳು.

ಅವರ ಕಂಪನಿ ಮಾಡುತ್ತಿದ್ದದ್ದು ಮನೆಯ ಬಾಗಿಲಿನ ಬೀಗ. ಕಾರ್ಡ್ ಹಿಡಿದರೆ ತೆರೆದುಕೊಳ್ಳುವಂಥದ್ದು. ಬೀಗದ ಹೊಟ್ಟೆಯಲ್ಲಿ ಉಗುರಿನಷ್ಟಗಲದ ಒಂದು ಚಿಪ್, ಅದರೊಳಗೆ ಅವಳು ಎಷ್ಟೋ ವರ್ಷದ ಹಿಂದೆ ಸಿ ಭಾಷೆಯಲ್ಲಿ ಬರೆದು, ಅಂದಿನಿಂದಲೂ ತಿದ್ದುತ್ತಲೇ ಬಂದಿದ್ದ ಗೂಢಲಿಪಿಯ ಲೈಬ್ರರಿ, ಅಂದರೆ ಪ್ರೋಗ್ರಾಮುಗಳ ಕಟ್ಟು. ಕಾರ್ಡಿಗೂ ಬೀಗಕ್ಕೂ ನಡುವಿನ ಗುಟ್ಟು ಮೂರನೆಯವರಿಗೆ ತಿಳಿಯದ ಹಾಗೆ ಕಾಯುವುದು ಅದರ ಕೆಲಸ. ಈಗ ಕಂಪನಿಯವರು ಅಗ್ಗದ ಚಿಪ್ ತಂದಿದ್ದರು. ಅದರ ಮೆಮೊರಿ ಹಳೆಯದರ ಅರ್ಧ.

ಬಟ್ಟೆ ಕತ್ತರಿಸಲು ದರ್ಜಿಗೆ ಮೇಜು ಬೇಕಾದ ಹಾಗೆ ಗುಟ್ಟಿನ ಲೆಕ್ಕ ಮಾಡಲು ಚಿಪ್ಪಿಗೂ ಒಂದಿಷ್ಟು ಖಾಲಿ ಜಾಗ ಬೇಕು. ಬೀಗ ದಿನಕ್ಕೊಮ್ಮೆ ತನ್ನ ಗುಟ್ಟಿನ ಕೀಲಿಯನ್ನು ಬದಲಿಸಿಕೊಳ್ಳುತ್ತಿತ್ತು, ಅದಕ್ಕೊಂದು ಮೇಜು. ಬಾಗಿಲಿಗೆ ಬಂದ ಕಾರ್ಡು ಮನೆಯವರದ್ದೇ ಹೌದೋ ಎಂದು ನೋಡುತ್ತಿತ್ತು, ಅದಕ್ಕೆ ಇನ್ನೊಂದು. ಅವಳು ಮೊದಲು ಅಲ್ಲಿ ಇಲ್ಲಿ ಕೆರೆದು ನೋಡಿದಳು. ಬದಲಾಗದ ಕೋಷ್ಟಕಗಳನ್ನೆಲ್ಲ ಬರೀ ಓದುವುದಕ್ಕೆಂದೇ ಇರುವ ಮೂಲೆಗೆ ಸಾಗಿಸಿದಳು. ದೊಡ್ಡ ಸಂಖ್ಯೆಗಳಿಗೆಂದು ಧಾರಾಳವಾಗಿ ಬಿಟ್ಟಿದ್ದ ಅಂಚುಗಳನ್ನು ಕತ್ತರಿಸಿದಳು. ಏನು ಮಾಡಿದರೂ ಸಾಲಲಿಲ್ಲ. ಕೊನೆಗೆ ಬಸ್ಸಿನಲ್ಲಿ ನಿಂತುಕೊಂಡು ಬರುವಾಗ ಹೊಳೆಯಿತು: ಎರಡು ಮೇಜು ಯಾಕೆ? ಒಂದು ನಡೆಯುವಾಗ ಇನ್ನೊಂದು ನಡೆಯುವುದಿಲ್ಲ. ಒಂದೇ ಮೇಜನ್ನು ಸರದಿಯಲ್ಲಿ ಬಳಸಿದರೆ ಆಯಿತು. ಎದ್ದು ಹೋಗುವವರು ತಮ್ಮ ಕುರುಹೇ ಉಳಿಯದ ಹಾಗೆ ಒರೆಸಿಟ್ಟು ಹೋಗಬೇಕು, ಅಷ್ಟೇ.

“ಒಂದು ಕಾವಲು ಹಾಕಿ,” ಅಂದಳು ಕೊಕ್ಕೆ. “ಒಬ್ರು ಕೂತಿದ್ರೆ ಇನ್ನೊಬ್ರು ಕಾಯ್ಲಿ.”

“ಅದಕ್ಕೆ ಕಾರ್ಡ್ ಓದೋ ಭಾಗಾನೆಲ್ಲ ಬಿಚ್ಚಿ ಹೊಲೀಬೇಕು. ಮುಂದಿನ ವಾರ ಹಾಕ್ತೀನಿ. ಕೀಲಿ ಬದಲಿಸೋದನ್ನ ಬೆಳಗಿನ ಜಾವಕ್ಕೆ ಇಟ್ಟಿದ್ದೀನಿ. ಆ ಹೊತ್ತಲ್ಲಿ ಬಾಗಿಲಿಗೆ ಯಾರು ಬರ್ತಾರೆ?”

“ಯಾರಾದ್ರೂ ಬರಬಹುದು.”

“ನಮ್ಮನೇಲಂತೂ ಯಾರೂ ಬರಲ್ಲ. ಬೇಕಾದ್ರೆ ನಮ್ಮನೇ ಬಾಗಿಲಿಗೇ ಹಾಕಿ ತೋರಿಸ್ತೀನಿ.”

“ಹಾಕಿ,” ಅಂದಳು ಕೊಕ್ಕೆ, ಎದ್ದು ಕುರ್ಚಿಯನ್ನು ಒಳಗೆ ತಳ್ಳುತ್ತಾ. “ಆಮೇಲೆ ಆಚೆ ನಿಂತವರ ಶಾಪ ನಿಮಗೇ.”

ಅವಳ ಮನೆಯ ಬಾಗಿಲಿಗೆ ಕಂಪನಿಯ ಬೀಗವೊಂದು ಪರೀಕ್ಷೆಗೆಂದೇ ಕೂತು ವರ್ಷವಾಗಿತ್ತು. ಸಂಜೆ ಬಂದವಳೇ ಬ್ಯಾಗನ್ನು ನೆಲಕ್ಕಿಟ್ಟು, ಬಾಗಿಲ ಬಳಿ ಮಂಡಿಯೂರಿ, ಲ್ಯಾಪ್‌ಟಾಪಿನ ವೈರನ್ನು ಬೀಗದ ಅಡಿಗೆ ಸಿಕ್ಕಿಸಿ ಹೊಸ ಪ್ರೋಗ್ರಾಮನ್ನು ಹಾಕತೊಡಗಿದಳು. ಗಂಡ ಒಳಗಿನಿಂದ ಬಂದ. ಸಮವಸ್ತ್ರ ಹಾಕಿಕೊಂಡು, ಊಟದ ಡಬ್ಬಿ ಹಿಡಿದು ಹೊರಟಿದ್ದ. ಊರಿಗೆ ನೀರು ಶುದ್ಧ ಮಾಡಿ ಬಿಡುವ ಘಟಕದಲ್ಲಿ ಅವನದು ರಾತ್ರಿ ಪಾಳಿ. ಬೆಳಗಾಗುವವರೆಗೂ ನೀರಿನ ಒತ್ತಡ ತೋರಿಸುವ ಮುಳ್ಳುಗಳನ್ನು ನೋಡುತ್ತಾ ಕೂರುವ ಕೆಲಸ.

ಅವಳು ದಾರಿಗೆ ಅಡ್ಡವಾಗಿದ್ದಳು. ಅವನು ಕಾದ. ಅವಳು ವೈರನ್ನು ಒಂದಿಷ್ಟು ಎತ್ತಿ ಹಿಡಿದಳು. ಅವನು ಬಗ್ಗಿ ದಾಟಿ ಆಚೆ ಹೋಗಿ, ಮೆಟ್ಟಿಲಿಳಿಯದೆ ನಿಂತ.

“ಹಗಲು ಪಾಳೀಲಿ ಒಂದು ಜಾಗ ಖಾಲಿ ಆಗಿದೆಯಂತೆ,” ಅಂದ. “ಬರ್ತೀರಾ ಅಂತ ಕೇಳ್ತಿದ್ದಾರೆ.”

“ಹೌದಾ,” ಅಂದಳು. ತೆರೆಯ ಮೇಲೆ ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ತುಂಬುತ್ತಿತ್ತು. ನಡುವೆ ವೈರ್ ಅಲುಗಿದರೆ ಮೊದಲಿನಿಂದ ಶುರು ಮಾಡಬೇಕು.

“ನಾಳೆ ಬೆಳಿಗ್ಗೆ ಪಾಳಿ ಬದಲಾಗೋದರೊಳಗೆ ಹೇಳ್ಬೇಕು. ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತಾರೆ. ಏನು ಹೇಳ್ಲಿ?”

“ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ.”

“ನನ್ನ ಅನುಕೂಲ ಅಲ್ಲ...” ಎಂದು ಶುರು ಮಾಡಿದವನು ಅವಳ ಬಗ್ಗಿದ ನೆತ್ತಿಯನ್ನು ನೋಡಿ, “ಸರಿ, ಬಸ್ಸು ತಪ್ಪುತ್ತೆ,” ಅಂದ. ಮೆಟ್ಟಿಲಿಳಿಯುವ ಸದ್ದು ಅವಳಿಗೆ ಕೇಳಿದ್ದು ಪಟ್ಟಿ ತುಂಬಿ ಮುಗಿದ ಮೇಲೆ, ಅಷ್ಟರಲ್ಲಿ ಅವನು ಕೆಳಗಿನ ಮಹಡಿ ದಾಟಿದ್ದ.

ರಾತ್ರಿ ಪಾಳಿ ಹಿಡಿದದ್ದು ಅವನ ತಾಯಿಗಾಗಿ. ಅತ್ತೆ ಹಾಸಿಗೆ ಹಿಡಿದಾಗ ಯಾವ ಹೊತ್ತಿನಲ್ಲೂ ಮನೆಯಲ್ಲಿ ಒಬ್ಬರು ಇರಬೇಕಿತ್ತು. ರಾತ್ರಿ ಅವಳು, ಹಗಲು ಅವನು. ಇಬ್ಬರೂ ಒಟ್ಟಿಗೇ ಕೂತು ಯೋಚಿಸಿ ಮಾಡಿಕೊಂಡ ವ್ಯವಸ್ಥೆ. ಅವತ್ತು ಎಷ್ಟು ಜಾಣರು ನಾವು ಎಂದು ನಕ್ಕಿದ್ದರು ಕೂಡ. ಅತ್ತೆ ಬಹಳ ವರ್ಷ ಇದ್ದು, ಒಂದು ದಿನ ಹೋದರು. ವ್ಯವಸ್ಥೆ ಹೋಗಲಿಲ್ಲ. ಬದಲಿಸಬೇಕು ಅಂತ ಒಬ್ಬರೂ ಅನ್ನಲಿಲ್ಲ. ಅನ್ನಲು ಇಬ್ಬರಿಗೂ ಒಟ್ಟಿಗೆ ಬಿಡುವಿರಲಿಲ್ಲ.

ಅವಳು ಎದ್ದು ಬಿಟ್ಟ ಮಂಚದಲ್ಲಿ ಅವನು ಮಲಗುತ್ತಿದ್ದ. ಅವನು ಎದ್ದ ಮೇಲೆ ಹಾಸಿಗೆಯಲ್ಲಿ ಒಂದು ಸುಕ್ಕೂ ಇರುತ್ತಿರಲಿಲ್ಲ. ಕುಡಿದ ಲೋಟ ತೊಳೆದು ಕವುಚಿಟ್ಟಿರುತ್ತಿತ್ತು, ಬಚ್ಚಲಿನ ನೆಲ ಒರೆಸಿರುತ್ತಿತ್ತು. ಅವಳೂ ಹಾಗೆಯೇ. ಒಬ್ಬರ ನಿದ್ದೆ ಇನ್ನೊಬ್ಬರು ಕೆಡಿಸಬಾರದೆಂಬುದು ಮನೆಯ ಕಟ್ಟಳೆ. ರಜೆಯ ದಿನಗಳೂ ಬೇರೆ ಬೇರೆ ವಾರಕ್ಕೆ ಬೀಳುತ್ತಿದ್ದವು. ಗೆಳತಿಯರು ಗಂಡಂದಿರ ಗೊರಕೆಯನ್ನು ಬೈಯುವಾಗ ಅವಳು ಬರೀ ನಗುತ್ತಿದ್ದಳು. ತನ್ನ ಗಂಡ ಈಗ ಗೊರಕೆ ಹೊಡೆಯುತ್ತಾನೋ ಇಲ್ಲವೋ ಅವಳಿಗೆ ತಿಳಿದಿರಲಿಲ್ಲ.

ಅಡುಗೆಮನೆಯಲ್ಲಿ ಒಬ್ಬಳೇ ನಿಂತು ತಿನ್ನುವಾಗ ಹಗಲು ಪಾಳಿಯ ಮಾತು ಮತ್ತೆ ತಲೆಗೆ ಬಂತು. ಸಂಜೆ ಇಬ್ಬರೂ ಮನೆಯಲ್ಲಿ. ಅವನು ಎಲ್ಲಿ ಕೂರುತ್ತಾನೆ? ಕಿಟಕಿಯ ಬಳಿಯ ಕುರ್ಚಿ ಅವಳದು ಅಂದುಕೊಂಡಿದ್ದಳು, ಹಗಲಲ್ಲಿ ಅವನದೂ ಅದೇ ಇರಬಹುದು. ಏನು ಮಾತಾಡುವುದು? ಒಂದು ವಾರ ಮಾತಾಡಿದ ಮೇಲೆ ಮುಗಿದುಹೋದರೆ? ಈಗಿರುವ ಮೌನಕ್ಕೆ ಪಾಳಿಯ ನೆಪವಿದೆ. ಎದುರು ಬದುರು ಕೂತ ಮೌನಕ್ಕೆ ಏನು ನೆಪ ಹೇಳುವುದು? ಬೇಡ ಅಂದುಬಿಡೋಣ ಅನ್ನಿಸಿತು. ಆಮೇಲೆ ಯಾಕೋ, ಬೇಕು ಅಂದರೆ ಏನಾಗುತ್ತೆ ಅಂತಲೂ ಅನ್ನಿಸಿತು. ಫೋನ್ ಕೈಗೆತ್ತಿಕೊಂಡಳು. ಕೆಲಸದ ಹೊತ್ತಿನಲ್ಲಿ ಅವನಿಗೆ ಫೋನ್ ಮಾಡಿ ಅಭ್ಯಾಸವಿರಲಿಲ್ಲ. ಏನೋ ಅನಾಹುತ ಅಂದುಕೊಂಡಾನು ಎಂದು ಇಟ್ಟುಬಿಟ್ಟಳು. ಬೆಳಿಗ್ಗೆ ಎದ್ದ ತಕ್ಷಣ ಮಾಡೋಣ. ಏನು ಹೇಳುವುದೆಂದು ಅಷ್ಟರಲ್ಲಿ ಗೊತ್ತಾಗುತ್ತದೆ.

ಬೆಳಿಗ್ಗೆ ಎದ್ದಾಗಲೂ ಗೊತ್ತಾಗಿರಲಿಲ್ಲ. ಸ್ನಾನ ಮಾಡಿ ಹೇಳೋಣ ಅಂದುಕೊಂಡಳು. ಸ್ನಾನವಾದ ಮೇಲೆ ಟೀ ಕುಡಿದು ಅಂದುಕೊಂಡಳು. ಬಸ್ ಸ್ಟಾಪಿಗೆ ನಡೆಯುತ್ತಾ ಮಾಡುವುದೇ ಸರಿ ಎಂದು ಚಪ್ಪಲಿ ಮೆಟ್ಟಿ ಬಾಗಿಲು ತೆರೆದಳು.

ಮೇಲಿನ ಮಹಡಿಗೆ ಹೋಗುವ ಮೆಟ್ಟಿಲ ಮೇಲೆ ಗಂಡ ಕೂತಿದ್ದ. ತಲೆ ಗೋಡೆಗೆ ಒರಗಿತ್ತು, ಬಾಯಿ ಚೂರು ತೆರೆದಿತ್ತು, ನಿದ್ದೆ ಹತ್ತಿತ್ತು. ಊಟದ ಡಬ್ಬಿಯನ್ನು ಮಡಿಲಲ್ಲಿ ಎರಡೂ ಕೈಯಿಂದ ಹಿಡಿದುಕೊಂಡಿದ್ದ. ಕಿವಿಯ ಹಿಂದಿನ ಕೂದಲೆಲ್ಲ ಬೆಳ್ಳಗಾಗಿತ್ತು. ಯಾವಾಗ ಆಯಿತು ಇದು ಎಂದು ಅವಳು ಬೆರಗಾಗಿ ನೋಡಿದಳು. ಆಮೇಲೆ ತಿರುಗಿ ಬೀಗವನ್ನು ನೋಡಿದಳು. ಆರದೆ ಉರಿಯುತ್ತಿದ್ದ ಕೆಂಪು ದೀಪ ಕಂಡಾಗ ಅವಳಿಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಬೀಗ ಕೀಲಿ ಬದಲಿಸುತ್ತಾ ಕೂತ ಹೊತ್ತಿಗೇ ಅವನು ಬಂದು ಕಾರ್ಡ್ ಹಿಡಿದಿದ್ದಾನೆ. ಆ ಒಂದೇ ಮೇಜಿನಲ್ಲಿ ಒಬ್ಬರ ಲೆಕ್ಕದ ಮೇಲೆ ಇನ್ನೊಬ್ಬರು ಬರೆದಿದ್ದಾರೆ. ಹೊಸ ಕೀಲಿಯೂ ಕೆಟ್ಟು, ಬೀಗಕ್ಕೆ ಆಮೇಲೆ ಯಾರ ಗುರುತೂ ಸಿಕ್ಕಿಲ್ಲ. ಒಳಗಿನಿಂದ ಹಿಡಿ ತಿರುಗಿಸಿದರೆ ತೆರೆಯುತ್ತದೆ. ಹೊರಗಿನಿಂದ ಇಲ್ಲ. ಕರೆಗಂಟೆಯ ಗುಂಡಿ ಇದ್ದದ್ದೂ ಆ ಬೀಗದಲ್ಲೇ.

ಬಾಗಿಲು ಮುಚ್ಚಿಕೊಳ್ಳದ ಹಾಗೆ ಬ್ಯಾಗನ್ನು ಅಡ್ಡ ಇಟ್ಟು ಹತ್ತಿರ ಹೋದಳು. “ರೀ...” ಅಂದಳು. ಅವನು ಬೆಚ್ಚಿ ಕಣ್ಣು ಬಿಟ್ಟ.

“ಬಂದು ಎಷ್ಟು ಹೊತ್ತಾಯ್ತು?”

“ಈಗಷ್ಟೇ,” ಅಂದ. ಕೆನ್ನೆಯ ಮೇಲೆ ಗೋಡೆಯ ಗಾರೆಯ ಅಚ್ಚು ಬಿದ್ದಿತ್ತು.

“ಬಾಗಿಲು ತಟ್ಟಬಾರದಿತ್ತಾ?”

“ಮಲಗಿದ್ದೆಯಲ್ಲ.”

“ಫೋನಾದ್ರೂ?”

ಅವನು ಡಬ್ಬಿಯ ಮುಚ್ಚಳವನ್ನು ಸರಿಮಾಡಿದ. “ಜೊತೆಯವನನ್ನ ಕೂರಿಸಿ ಬೇಗ ಬಂದೆ. ನೀನು ಆಫೀಸಿಗೆ ಹೊರಡೋ ಮುಂಚೆ ಕೂತು ಮಾತಾಡೋಣ ಅಂತ. ಆ ಹಗಲು ಪಾಳಿ ವಿಷಯ.”

“ಮತ್ತೆ?”

“ಕಾರ್ಡ್ ಹಿಡಿದೆ, ಕೆಂಪು ದೀಪ ಬಂತು. ಉಜ್ಜಿ ಮತ್ತೆ ಹಿಡಿದೆ. ಗಂಟೆ ಒಮ್ಮೆ ಒತ್ತಿದೆ, ಅದೂ ಕೇಳಿಸ್ಲಿಲ್ಲ.” ಅವನು ಸ್ವಲ್ಪ ನಕ್ಕ, ಬೇರೆ ಯಾರ ಬಗ್ಗೆಯೋ ತಮಾಷೆ ಹೇಳುವವನಂತೆ. “ನಿನ್ನೆ ನೀನು ಬೀಗದ ಹತ್ರ ಏನೋ ಮಾಡ್ತಿದ್ದೆಯಲ್ಲ. ನನ್ನ ಕಾರ್ಡ್ ತೆಗೆದು ಹಾಕಿದೀಯೇನೋ ಅಂದ್ಕೊಂಡೆ.”

ಅವಳು ಕೆಂಪು ದೀಪದ ಕಡೆಗೊಮ್ಮೆ ತಿರುಗಿ ನೋಡಿದಳು.

“ನಾನು ಬೇಡ ಅಂತ ಹೇಳ್ಬಿಟ್ಟೆ ಅವರಿಗೆ,” ಅಂದ. “ಆಗ್ಲೇ ಫೋನ್ ಬಂದಿತ್ತು.”

ಅವಳು ಅವನ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ನಿಂತೇ ಹೇಳುವ ಮಾತಲ್ಲ ಅನ್ನಿಸಿತು. “ಕಾರ್ಡ್ ತೆಗೆದಿಲ್ಲ ಕಣ್ರೀ. ಅದು ನನ್ನ ತಪ್ಪು. ಚಿಪ್ಪಲ್ಲಿ ಜಾಗ ಸಾಲದು ಅಂತ ಎರಡು ಕೆಲಸಕ್ಕೂ ಒಂದೇ ಜಾಗ ಕೊಟ್ಟಿದ್ದೆ. ನೀವು ಆ ಹೊತ್ತಿಗೆ ಬರಲ್ಲ ಅಂದ್ಕೊಂಡಿದ್ದೆ.”

“ಬರ್ತಾನೂ ಇರ್ಲಿಲ್ಲವಲ್ಲ,” ಅಂದ ಅವನು. ಅವಳನ್ನು ಸಮಾಧಾನ ಮಾಡುವ ದನಿಯಿತ್ತು ಅದರಲ್ಲಿ. ಅದು ಅವಳಿಗೆ ಇನ್ನೂ ಕಷ್ಟವಾಯಿತು.

“ಈಗ ಫೋನ್ ಮಾಡಿ.”

“ಯಾರಿಗೆ?”

“ನಿಮ್ಮ ಸೂಪರ್‌ವೈಸರ್‌ಗೆ. ಬೇಕು ಅನ್ನಿ.”

ಅವನು ಅವಳ ಮುಖವನ್ನು ನೋಡಿದ. “ನಿನಗೆ ಬೇಕಾ?”

“ಗೊತ್ತಿಲ್ಲ,” ಅಂದಳು. “ಭಯ ಆಗುತ್ತೆ. ಆದ್ರೂ ಮಾಡಿ.”

ಅವನು ಫೋನ್ ತೆಗೆದ. ಆ ಕಡೆಯ ದನಿ ದೊಡ್ಡದು, ಯಂತ್ರಗಳ ಸದ್ದಿನಲ್ಲಿ ಮಾತಾಡಿ ರೂಢಿಯಾದದ್ದು. ಅವಳಿಗೂ ಕೇಳುತ್ತಿತ್ತು. “ಅಯ್ಯೋ, ಈಗಷ್ಟೇ ಇನ್ನೊಬ್ರಿಗೆ ಹೇಳಿಬಿಟ್ನಲ್ಲಪ್ಪ. ಬೇಡ ಅಂದೋರು ನೀವೇ ತಾನೆ? ಅವರು ಸಿಹಿ ಹಂಚ್ತಾ ಇದ್ದಾರೆ ಇಲ್ಲಿ. ಮುಂದೆ ಯಾವಾಗ್ಲಾದ್ರೂ ಖಾಲಿಯಾದ್ರೆ ನೋಡೋಣ ಬಿಡಿ.”

“ಆಗ್ಲಿ ಸಾರ್,” ಅಂದ ಅವನು. ಫೋನನ್ನು ಜೇಬಿಗೆ ಹಾಕಲು ಎರಡು ಸಲ ಪ್ರಯತ್ನ ಪಟ್ಟ. ಸಮವಸ್ತ್ರದ ಜೇಬಿನ ಬಾಯಿ ಹೊಲಿಗೆ ಬಿಟ್ಟು ಮಡಚಿಕೊಂಡಿತ್ತು. ಅವಳು ಕೈ ಚಾಚಿ ಅದನ್ನು ಬಿಡಿಸಿ ಹಿಡಿದಳು.

“ಹೋಗು, ಹೊತ್ತಾಯ್ತು ನಿನಗೆ,” ಅಂದ.

“ಹೂಂ,” ಅಂದಳು. ಏಳಲಿಲ್ಲ. ಅವನಿಗೂ ಒಳಗೆ ಹೋಗಿ ಮಲಗಬೇಕಿತ್ತು, ಕಣ್ಣು ಕೆಂಪಗಾಗಿದ್ದವು. ಅವನೂ ಏಳಲಿಲ್ಲ.

ಮೇಲಿನಿಂದ ಬಕೆಟ್ಟಿನ ಸದ್ದು ಬಂತು. ಮೆಟ್ಟಿಲು ಒರೆಸುವವಳು ಹಿಂದುಹಿಂದಕ್ಕೆ ಒರೆಸುತ್ತಾ ಇಳಿದು ಬಂದಳು. ಇಬ್ಬರನ್ನೂ ನೋಡಿ ಸೊಂಟಕ್ಕೆ ಕೈ ಇಟ್ಟು ನಿಂತಳು.

“ನೀವಿಬ್ರೂ ಒಂದೇ ಮನೆಯೋರಾ?” ಅಂದಳು. “ಒಳ್ಳೆ ಕಥೆ ಆಯ್ತು. ಒಂದೊಂದು ರೂಮು ಬಾಡಿಗೆ ಹಿಡಿದಿದೀರಿ ಅಂದ್ಕೊಂಡಿದ್ದೆ ನಾನು, ಇಷ್ಟು ದಿನ.”

“ಒಂದೇ ಮನೆ,” ಅಂದ ಅವನು.

“ಸರಿ, ಕಾಲು ಎತ್ತಿ ಇಬ್ರೂ.”

ಇಬ್ಬರೂ ಎತ್ತಿದರು. ಒರೆಸುವವಳು ಅವರ ಅಡಿಯ ಮೆಟ್ಟಿಲುಗಳನ್ನು ಒರೆಸಿ, ಬಾಗಿಲ ಮುಂದಿನ ಜಾಗವನ್ನೆಲ್ಲ ಒದ್ದೆ ಮಾಡಿ, ಕೆಳಗಿನ ಮೆಟ್ಟಿಲಿಗೆ ದಾಟಿಕೊಂಡಳು. “ಒಣಗೋ ತನಕ ಕಾಲಿಡಬೇಡಿ ಮತ್ತೆ, ಅಚ್ಚು ಬೀಳುತ್ತೆ,” ಎಂದು ಅಲ್ಲಿಂದಲೇ ಕೂಗಿದಳು.

ಅವಳು ಕೂತಿದ್ದ ಮೆಟ್ಟಿಲು ಒದ್ದೆಯಾಗಿತ್ತು. ಅವನು ಡಬ್ಬಿಯನ್ನು ಆ ಕಡೆಗಿಟ್ಟು ಗೋಡೆಗೆ ಒತ್ತಿಕೊಂಡ. ಅವಳು ಮೇಲೆ ಹತ್ತಿ ಆ ಸಂದಿನಲ್ಲಿ ಕೂತಳು. ಗೋಡೆಯ ಕಿಂಡಿಯಿಂದ ಬಿಸಿಲು ಬಾಗಿಲ ಮುಂದೆ ಬಿದ್ದಿತ್ತು. ಇಬ್ಬರೂ ಮೊಣಕಾಲು ಮಡಚಿಕೊಂಡು, ನೀರು ಅಂಚಿನಿಂದ ಒಳಗೊಳಗೆ ಸರಿಯುತ್ತಾ ಆರುವುದನ್ನು ನೋಡುತ್ತಿದ್ದರು.