ಭಂಡಾರ ಮುಟ್ಟಿದ ಕೈ

ಊರ ನೀರಿನ ಟಾಕಿಯ ಮೇಲೆ ಕಂಪನಿಯವರು ಮೊಬೈಲ್ ಸಿಗ್ನಲ್ಲಿನ ಡಬ್ಬಿ ಕೂಡಿಸಿದ ದಿನವೇ ಪಂಚಾಯತಿ ಉಪಾಧ್ಯಕ್ಷ ಪರಪ್ಪನ ಹೊಟ್ಟೆಗೆ ಬೆಂಕಿ ಬಿತ್ತು. ಟಾವರು ತನ್ನ ಹೊಲದಲ್ಲೇ ನಿಲ್ಲುತ್ತದೆ, ಬಾಡಿಗೆ ತನಗೇ ಬರುತ್ತದೆಂದು ಆತ ಇಂಡಿ ಪೇಟೆಯಲ್ಲೆಲ್ಲ ಡಂಗುರ ಹೊಡೆದು ಬಂದಿದ್ದ. ಅದನ್ನು ಊರ ಟಾಕಿಗೆ ತಂದವನು ಕುರುಬರ ವಸ್ತಿಯ ಮೆಂಬರ್ ಬೀರಣ್ಣ. ವಸ್ತಿಯಲ್ಲಿ ಫೋನು ಹತ್ತಬೇಕೆಂದರೆ ದಿಬ್ಬ ಏರಬೇಕಿತ್ತು. ಹೆರಿಗೆ ನೋವು ತಿನ್ನುವವಳು ದಿಬ್ಬ ಏರುತ್ತಾಳೆಯೇ? ಬೀರಣ್ಣನ ಮಗಳು ಸುರೇಖಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅದಕ್ಕೇ ಆತ ಚಪ್ಪಲಿ ಸವೆಯುವಷ್ಟು ಆಫೀಸು ಅಲೆದಿದ್ದ.

ಹೊಟ್ಟೆಕಿಚ್ಚು ಎಂದೂ ಬರಿಗಾಲಲ್ಲಿ ಬರುವುದಿಲ್ಲ, ಊರ ಹಿತದ ಜೋಡು ಮೆಟ್ಟಿಕೊಂಡೇ ಬರುತ್ತದೆ. ಗ್ರಾಮಸಭೆಯಲ್ಲಿ ಪರಪ್ಪ ಎದ್ದು ನಿಂತ.

“ಟಾಕಿ ಸರಕಾರದ್ದು, ನೀರು ಊರಿಂದು. ಯಾರನ್ನ ಕೇಳಿ ಡಬ್ಬಿ ಕೂಡ್ಸಿದ್ರಿ? ಅದರ ತರಂಗ ನೀರಾಗ ಇಳದು ನಮ್ಮ ಹುಡುಗರ ಹೊಟ್ಟಿ ಸೇರಿದ್ರ ಜವಾಬ್ದಾರಿ ಯಾರ್ದು?”

“ಕಾಗದ ಎಲ್ಲಾ ಸರಿ ಅದಾವ್ರಿ. ಅಪಾಯ ಇಲ್ಲಂತ ತಪಾಸಣಿ ಮಾಡಿದವ್ರ ಬರದಾರ,” ಎಂದ ಪಿಡಿಓ.

“ಕಾಗದ ಒಲಿಗೆ ಹಾಕ್ರಿ. ಬೀರಣ್ಣ ಭಂಡಾರ ಮುಟ್ಟಿ ಹೇಳ್ಲಿ, ಈ ಡಬ್ಬಿಯಿಂದ ಯಾರಿಗೂ ಕೆಡಕ ಆಗೂದಿಲ್ಲ ಅಂತ.”

ಭಂಡಾರವೆಂದರೆ ಬೀರಪ್ಪ ದೇವರ ಗುಡಿಯ ಅರಿಷಿಣ. ಅದನ್ನು ಮುಟ್ಟಿ ಆಡಿದ ಮಾತಿನ ಮೇಲೆ ಮತ್ತೊಂದು ಮಾತಿಲ್ಲ. ಸುಳ್ಳಾಡಿದವನ ವಂಶಕ್ಕೆ ಅದು ಕಡಿಯುತ್ತದೆಂದು ಕೂಸುಗಳಿಗೂ ಗೊತ್ತು. ಪರಪ್ಪ ಭಂಡಾರದ ತಟ್ಟೆಯನ್ನು ಮೊದಲೇ ತರಿಸಿಟ್ಟಿದ್ದ, ಖದೀಮ! ಪಿಡಿಓ ತಲೆ ತಗ್ಗಿಸಿ ತನ್ನ ಮೊಬೈಲು ಉಜ್ಜುತ್ತ ಕೂತ.

ಆದದ್ದಕ್ಕೆ ಭಂಡಾರ ಮುಟ್ಟು, ಆಗುವುದಕ್ಕೆ ಮುಟ್ಟಬೇಡ ಎಂದು ಬೀರಣ್ಣನ ಅಪ್ಪ ಹೇಳಿ ಸತ್ತಿದ್ದ. ತರಂಗವೆಂದರೆ ಏನೆಂದು ಬೀರಣ್ಣನಿಗೇನು ಗೊತ್ತು? ಆದರೆ ಮುಟ್ಟದಿದ್ದರೆ ಡಬ್ಬಿ ಇಳಿಯುತ್ತದೆ, ಮಗಳ ನೋವಿನ ಹೊತ್ತಿಗೆ ಫೋನು ಹತ್ತುವುದಿಲ್ಲ. ಆತ ಕಣ್ಣು ಮುಚ್ಚಿ ಅರಿಷಿಣದಲ್ಲಿ ಕೈ ಊರಿದ. ಡಬ್ಬಿ ಉಳಿಯಿತು.

ಸುರೇಖಾಳಿಗೆ ನೋವು ಬಂದಾಗ ಮೊದಲ ಸಲಕ್ಕೇ ಫೋನು ಹತ್ತಿತು, ಆಂಬುಲೆನ್ಸ್ ಬಂತು. ಇಂಡಿ ಪೇಟೆಯ ಆಸ್ಪತ್ರೆಯಲ್ಲಿ ಕೂಸು ಸತ್ತೇ ಹುಟ್ಟಿತು. ಕರುಳ ಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು ಎಂದರು ಡಾಕ್ಟರಮ್ಮ. ಇನ್ನೊಂದಿಷ್ಟು ತಡವಾಗಿದ್ದರೆ ತಾಯಿಯೂ ಉಳಿಯುತ್ತಿರಲಿಲ್ಲ ಎಂದೂ ಹೇಳಿದರು. ಊರು ಮೊದಲನೆಯ ಮಾತನ್ನೂ ಕೇಳಲಿಲ್ಲ, ಎರಡನೆಯದನ್ನೂ ಕೇಳಲಿಲ್ಲ. ಭಂಡಾರ ಕಡಿಯಿತು ಎಂದಿತು, ಅಷ್ಟೇ.

ಪರಪ್ಪ ದುಃಖ ಮಾತಾಡಿಸಲು ಬಂದ. ಚಹಾ ಕುಡಿದ. “ನಾ ಬ್ಯಾಡ ಬ್ಯಾಡ ಅಂದೆ, ಬೀರಣ್ಣ,” ಎಂದು ಮೆತ್ತಗೆ ಹೇಳಿ ಎದ್ದು ಹೋದ. ಬೀರಣ್ಣನ ಹೆಂಡತಿ ಹುಚ್ಚವ್ವ ಗಂಡನ ಕೂಡ ಮಾತು ಬಿಟ್ಟಳು. ಆದರೆ ಬೀರಣ್ಣನ ಎದೆ ಒಡೆದದ್ದು ಮಗಳ ಮಾತಿಗೆ.

“ಯಪ್ಪಾ, ಯಾಕ ಮುಟ್ಟಿದಿ?” ಎಂದಳು ಸುರೇಖಾ.

ಪಂಚಾಯತಿಯಲ್ಲಿ ಡಬ್ಬಿ ತೆಗೆಯುವ ಠರಾವಿಗೆ ಮೊದಲು ಕೈ ಎತ್ತಿದವನು ಬೀರಣ್ಣನೇ. ಆ ಹೊತ್ತಿಗೆ ಆತನೂ ನಂಬಿಬಿಟ್ಟಿದ್ದ, ಪಾಪ. ಕಂಪನಿಯವರು ಡಬ್ಬಿ ಬಿಚ್ಚಿ ಇಳಿಸುವಾಗ ಊರ ಹೆಂಗಸರು ಅವನ ಬಾಗಿಲ ಕಡೆ ತಿರುಗಿ ಮಣ್ಣು ತೂರಿದರು.

ಸುಗ್ಗಿ ಮುಗಿಯುವುದರೊಳಗೆ ಪರಪ್ಪನ ಹೊಲದಲ್ಲಿ ಟಾವರು ಎದ್ದಿತು. ಮೊದಲಿನ ಡಬ್ಬಿಗಿಂತ ನಾಲ್ಕು ಪಟ್ಟು ದೊಡ್ಡದು, ಊರ ಬಾವಿಯ ಮಗ್ಗುಲಲ್ಲೇ. ಬೀರಣ್ಣ ಗುಡಿಯಿಂದ ಹಿಡಿ ಭಂಡಾರ ತಂದು ಜನರ ಮುಂದೆ ಪರಪ್ಪನಿಗೆ ಚಾಚಿದ.

“ಈಗ ನೀವ್ ಮುಟ್ರಿ.”

ಪರಪ್ಪ ನಕ್ಕ. “ಟಾಕಿ ಸರಕಾರದ್ದಿತ್ತು, ಊರು ಕೇಳ್ತು. ಇದು ನನ್ನ ಹೊಲ. ಸ್ವಂತ ಹೊಲಕ್ಕ ಯಾಂವ ಭಂಡಾರ ಮುಟ್ಟತಾನಪಾ? ದೇವರ ಕೂಡ ಆಟ ಆಡಬ್ಯಾಡ. ಒಮ್ಮಿ ಆಡಿ ನೋಡೀಯಲ್ಲ.”

ನಿಂತವರೆಲ್ಲ ಹೌದೆಂದು ಗೋಣು ಹಾಕಿದರು. ಅವರ ಮೊಬೈಲುಗಳಿಗೆ ತುಂಬ ರೇಂಜ್ ಬಂದಿತ್ತು.

ಬೀರಣ್ಣ ಮನೆಗೆ ಬಂದಾಗ ಅಂಗಳದಲ್ಲಿ ಸುರೇಖಾ ಫೋನು ಹಿಡಿದು ನಿಂತಿದ್ದಳು. ಆ ಕಡೆ ಅವಳ ಗಂಡ ಮಾಳಿಂಗ. ಈಗ ದಿಬ್ಬ ಏರುವ ತ್ರಾಸಿಲ್ಲ. ದನಿ ಎಷ್ಟು ನಿಚ್ಚಳವಾಗಿತ್ತೆಂದರೆ, ಬಾಗಿಲಲ್ಲಿದ್ದ ಬೀರಣ್ಣನಿಗೂ ಒಂದೊಂದು ಮಾತು ಕೇಳಿಸಿತು.

“ಭಂಡಾರ ಕಡದ ಮನಿ ಹೆಣ್ಣು ಬ್ಯಾಡಂತಾಳ ನಮ್ಮವ್ವ. ನೀ ಅಲ್ಲೇ ಇರು. ಹಲೋ? ಕೇಳಸಾಕತ್ತೈತೇನು?”

ಸುರೇಖಾ ಅಪ್ಪನ ಹಳದಿ ಕೈಯನ್ನೇ ನೋಡುತ್ತಿದ್ದಳು.

“ಕೇಳಸಾಕತ್ತೈತ್ರಿ,” ಎಂದಳು.