ಅನಾರಸದ ಮೇಲಿನ ಕೀಲಿ

ಪುಣೆಯ ಕೋಥರೂಡದಲ್ಲಿ, ಮಾವನ ಮನೆಯಲ್ಲಿ ಚನ್ನವೀರನ ಮುಂದೆ ಬೆಳ್ಳಿ ತಟ್ಟೆ ಬಂತು. ಅಕ್ಕಿ-ಬೆಲ್ಲ ಕಲಸಿ ತುಪ್ಪದಲ್ಲಿ ಕರಿದ ಮೂವತ್ತಮೂರು ಅನಾರಸ, ಅವುಗಳ ಮೇಲೆ ಕಾರಿನ ಕೀಲಿ. ಅಧಿಕ ಮಾಸದಲ್ಲಿ ಅಳಿಯನಿಗೆ ದಾನ ಕೊಟ್ಟರೆ ಪುಣ್ಯ ಎಂಬುದನ್ನು ಬಟ್ಟೆ ವ್ಯಾಪಾರಿಯಾದ ಮಾವ ಫಕೀರಪ್ಪನವರು ಪುಣೆಗೆ ಬಂದ ಮೇಲೆ ಕಲಿತಿದ್ದರು. ಕಲಿತದ್ದನ್ನು ಕೈ ಬಿಚ್ಚಿ ಮಾಡುವ ಮನುಷ್ಯ.

ಕೀಲಿ ಕಂಡು ಚನ್ನವೀರ ಚಾಚಿದ ಕೈ ಹಿಂದೆಳೆದುಕೊಂಡ. ಹೋದ ಭಾನುವಾರ ಮಾವನ ಇದೇ ಕಾರನ್ನು ಕೇಳಿ ತಂದು, ಖಾಲಿ ಮೈದಾನದಲ್ಲಿ ಬುಗುರಿಯ ಹಾಗೆ ಗರಗರ ತಿರುಗಿಸಿದ್ದ. ಹೊಸ ಹೆಂಡತಿ ನೀತಾ ಕೇಕೆ ಹಾಕುತ್ತ ವಿಡಿಯೋ ಮಾಡಿದ್ದಳು. ಆಯಿಲ್ಲಿನ ಕೆಂಪು ದೀಪ ಮಿನುಗಿದರೂ ನಿಲ್ಲಿಸಲಿಲ್ಲ ಪುಣ್ಯಾತ್ಮ. ಹಾಗೆ ಸುತ್ತುತ್ತಲೇ ಇದ್ದರೆ ಆಯಿಲ್ ಒಂದು ಬದಿಗೆ ಸರಿಯುತ್ತದೆ, ಪಂಪು ಬರೀ ಗಾಳಿ ಎಳೆಯುತ್ತದೆ, ಬೇರಿಂಗು ಒಣಗಿ ಸವೆಯುತ್ತದೆ. ಪಾಲಿಟೆಕ್ನಿಕ್ಕಿನಲ್ಲಿ ಹುಡುಗರಿಗೆ ಈ ಪಾಠ ಹೇಳುವವನೇ ಇವನು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ! ಇಂಜಿನ್ನಿನಲ್ಲಿ ಸಣ್ಣಗೆ ಟಕಟಕ ಶುರುವಾದಾಗ, ತುಟಿ ಪಿಟಕ್ಕೆನ್ನದೆ ಕಾರು ಮರಳಿಸಿ ಬಂದಿದ್ದ.

"ಬ್ಯಾಡ್ರಿ ಮಾವಾರ, ನನಗ ಕಾರು ಬ್ಯಾಡ."

"ನೋಡ್ರಿ, ಆಸೇನ ಇಲ್ಲದ ಅಳಿಯ!" ಫಕೀರಪ್ಪನವರ ಕಣ್ಣು ತುಂಬಿತು. "ನಡೀರಿ, ಲೋಣಾವಳಾಕ್ಕ ಹೋಗಿ ಬರೂಣು. ನೀವ ಹೊಡೀರಿ."

ಮಾವ ಪಕ್ಕದಲ್ಲಿ, ಅತ್ತೆ ಸಾವಿತ್ರಿಬಾಯಿ ಮತ್ತು ನೀತಾ ಹಿಂದೆ, ಎರಡೂ ಬದಿಗೆ ಲಾರಿಗಳು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನಂತೆ ಚನ್ನವೀರ ನುಂಗಲಾರ, ಉಗುಳಲಾರ. ಊರು ದಾಟುವಷ್ಟರಲ್ಲಿ ಟಕಟಕ ಹೋಗಿ ಸುತ್ತಿಗೆಯ ಹೊಡೆತವಾಯಿತು. ಬಾಗಿಲು ತೆರೆದು ಓಡಿಬಿಡೋಣ ಎನ್ನಿಸಿತು. ಆಮೇಲೆ ಢಮ್ಮೆಂದು ಇಂಜಿನ್ ಸೆಟೆದುಕೊಂಡಿತು, ಕಾರು ತೆವಳಿ ರಸ್ತೆಯಂಚಿಗೆ ನಿಂತಿತು.

ಫಕೀರಪ್ಪನವರು ಎರಡೂ ಕೈ ಜೋಡಿಸಿದರು. "ತಪ್ಪಾತ್ರಿ. ಮುಗ್ಗಿದ ಕಾಳು ದಾನಾ ಕೊಟ್ಟಂಗಾತು. ಅಳಿಯಂದ್ರ ಮುಂದ ನನ್ನ ಮಾನ ಹೋತು."

ಬೈದಿದ್ದರೆ ಸಹಿಸಬಹುದಿತ್ತು. ಜೋಡಿಸಿದ ಆ ಕೈ ನೋಡಿ ಚನ್ನವೀರನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ನಾನ ಕೆಡಿಸೀನ್ರಿ ಮಾವಾರ. ಮೈದಾನದಾಗ ತಿರುಗಿಸಿ ತಿರುಗಿಸಿ..."

"ಕೇಳಿದೇನ ಇವಳ? ನನ್ನ ಮಾನ ಉಳಸಾಕ ತಪ್ಪು ತಮ್ಮ ಮ್ಯಾಲ ಹಾಕ್ಕೊಳ್ಳಾಕತ್ತಾರ!" ಫಕೀರಪ್ಪನವರು ಹೆಂಡತಿಯ ಕಡೆ ತಿರುಗಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಾಳೇನ ಹೊಸಾದು ಬುಕ್ ಮಾಡತೀನಿ," ಎಂದರು ಮಾವ.

"ಖರೇನ ಹೇಳಾಕತ್ತೀನ್ರಿ! ನೀತಾ, ಆ ವಿಡಿಯೋ ತೋರಸು."

ನೀತಾ ಅಪ್ಪನ ಮುಖ ನೋಡಿದಳು. ಅಪ್ಪ ಯಾರನ್ನೂ ಇಷ್ಟು ಮೆಚ್ಚಿದ್ದನ್ನು ಅವಳು ಕಂಡಿರಲಿಲ್ಲ. ಫೋನನ್ನು ಪರ್ಸಿನೊಳಗೆ ಇಳಿಸಿ ಚೈನು ಎಳೆದಳು.

"ಯಾವ ವಿಡಿಯೋ ರೀ?" ಎಂದಳು.